ಅತ್ತಾವರದಿಂದ ಪಾಂಡೇಶ್ವರಕ್ಕೆ ಹಳಿ ದಾಟುವ ಸೇತುವೆ: ನಡೆಯುವವರಿಗೂ ಸೈಕಲ್ಲಿಗೂ ಆಗುವಂಥದ್ದು ಎಲ್ಲಿ ಬೇಕು?

ಬಾಬುಗುಡ್ಡೆಯವ:

ಮಂಗಳೂರು ಸೆಂಟ್ರಲ್ ನಿಲ್ದಾಣದ ತೆಂಕು ತುದಿಯಿಂದ ಜೆಪ್ಪುವಿನ ತನಕ ರೈಲು ಹಳಿ ಊರನ್ನು ಸೀಳಿಕೊಂಡು ಹೋಗುತ್ತದೆ. ಮೂಡು ಬದಿಗೆ ಅತ್ತಾವರ, ಬಾಬುಗುಡ್ಡೆ, ನಂದಿಗುಡ್ಡೆ. ಪಡು ಬದಿಗೆ ಪಾಂಡೇಶ್ವರ, ಎಮ್ಮೆಕೆರೆ, ಮಂಗಳಾದೇವಿ, ಅದರಾಚೆ ಹೊಯಿಗೆಬಜಾರ್ ಮತ್ತು ದಕ್ಕೆ ಎಂಬ ಮೀನುಗಾರಿಕೆ ಬಂದರು. 1907ರಲ್ಲಿ ಇಲ್ಲಿಗೆ ರೈಲು ಬಂದಾಗ ಹಳಿ ಊರಿನ ಅಂಚಿನಲ್ಲಿತ್ತು. ಈಗ ಎರಡೂ ಬದಿ ಒತ್ತೊತ್ತಾಗಿ ಮನೆ, ಫ್ಲ್ಯಾಟು. ಆಸ್ಪತ್ರೆ ಮೂಡು ಬದಿಯಲ್ಲಿ. ಪೊಲೀಸ್ ಆಯುಕ್ತರ ಕಚೇರಿ, ಅಗ್ನಿಶಾಮಕ ಠಾಣೆ, ದೊಡ್ಡ ಮಾಲ್ ಪಡು ಬದಿಯಲ್ಲಿ. ಕೂಗಿದರೆ ಕೇಳುವಷ್ಟು ಹತ್ತಿರದ ಜಾಗಕ್ಕೆ ಹೋಗಲು ವಾಹನದವರು ಒಂದೋ ನಿಲ್ದಾಣ ಬಳಸಿ ಹೋಗಬೇಕು, ಇಲ್ಲವೇ ಜೆಪ್ಪು ಕಡೆಯಿಂದ ಸುತ್ತಬೇಕು. ನಡೆಯುವವರು ಸುತ್ತುವುದಿಲ್ಲ. ಅವರು ಹಳಿಯನ್ನೇ ದಾಟುತ್ತಾರೆ.

ಆವರಣ ಗೋಡೆಯ ಕಿಂಡಿಗಳು ಎಲ್ಲೆಲ್ಲಿವೆ ಎಂಬುದು ಇಲ್ಲಿರುವ ಹೆಚ್ಚಿನವರಿಗೆ ಗೊತ್ತು. ನಾನು ಬರೆಯುವುದಿಲ್ಲ. ಬರೆದರೆ ನಾಳೆ ಅಲ್ಲಿಗೆ ಸಿಮೆಂಟು ಬರುತ್ತದೆ, ನಾಡಿದ್ದು ಅದರ ಪಕ್ಕದಲ್ಲಿ ಇನ್ನೊಂದು ಕಿಂಡಿ ಬೀಳುತ್ತದೆ. ರೈಲ್ವೆ ಕಾಯ್ದೆ, 1989ರ 147ನೇ ಕಲಮಿನ ಪ್ರಕಾರ ಹೀಗೆ ದಾಟುವುದಕ್ಕೆ ಆರು ತಿಂಗಳವರೆಗೆ ಸೆರೆ, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಗೊತ್ತಿದ್ದೇ ದಾಟುತ್ತಾರೆ.

ಹಾಗಾಗಿ ಒಂದು ಸೇತುವೆ ಕೇಳೋಣ ಎಂದಿದ್ದೇನೆ. ವಾಹನದ ಮೇಲ್ಸೇತುವೆ ಅಲ್ಲ. ನಡೆಯುವವರಿಗೆ ಮತ್ತು ಸೈಕಲ್ಲಿಗೆ ಮಾತ್ರ. ‘ಸೇತುವೆ ಬೇಕು’ ಎಂದಷ್ಟೇ ಮನವಿ ಕೊಟ್ಟರೆ ಯಾರಿಗೋ ಅನುಕೂಲವಾದ ಜಾಗದಲ್ಲಿ ಕಡಿದಾದ ಮೆಟ್ಟಿಲಿನ ಕಬ್ಬಿಣದ ಗೂಡೊಂದು ಬರುತ್ತದೆ, ಜನ ಅದರ ಅಡಿಯಲ್ಲೇ ಹಳಿ ದಾಟುತ್ತಾರೆ. ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಎಂಬುದನ್ನು ನಾವೇ ಯೋಚಿಸಿಕೊಂಡು ಹೋಗಬೇಕು. ಗೊತ್ತಿದ್ದವರು ಹೇಳಿ.

ಪಾಂಡೇಶ್ವರ ಅಂಗಡಿ:

ನನ್ನ ಬೆಂಬಲ ಇದೆ. ಆದರೆ ಇಳಿಯುವ ರ‍್ಯಾಂಪ್ ನನ್ನ ಅಂಗಡಿ ಎದುರು ಬರುವುದಾದರೆ ಈಗಲೇ ಹೇಳಿಬಿಡಿ.

ಜಲ್ಲಿ ತುಳಿದವ:

ನಾನು ರೈಲ್ವೆಯ ಹಳಿ ನಿರ್ವಹಣೆ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈ ಊರಿನಲ್ಲಿ ಅಲ್ಲ, ಆದರೆ ನಿಯಮ ಎಲ್ಲ ಕಡೆಯೂ ಒಂದೇ.

ಮೊದಲು ಎತ್ತರದ ಲೆಕ್ಕ ತಿಳಿದುಕೊಳ್ಳಿ, ಇಡೀ ವಿಚಾರ ನಿಂತಿರುವುದೇ ಅದರ ಮೇಲೆ. ಹಳಿಯ ಮೇಲೆ 25,000 ವೋಲ್ಟಿನ ತಂತಿ ಇದೆ. ಹಳಿಯ ಮಟ್ಟದಿಂದ ಸೇತುವೆಯ ತಳಕ್ಕೆ ಸುಮಾರು ಆರೂವರೆ ಮೀಟರ್ ಖಾಲಿ ಜಾಗ ಬಿಡಬೇಕು. ಅದರ ಮೇಲೆ ಗರ್ಡರ್ (ಸೇತುವೆಯನ್ನು ಹೊರುವ ತೊಲೆ) ಮತ್ತು ನೆಲಹಾಸಿನ ದಪ್ಪ ಒಂದು ಮೀಟರ್ ಎಂದಿಟ್ಟುಕೊಳ್ಳಿ. ನೀವು ನಡೆಯುವ ನೆಲ ಹಳಿಗಿಂತ ಏಳೂವರೆ ಮೀಟರ್ ಮೇಲಿರುತ್ತದೆ. ಹದಿನೈದು ಸೆಂಟಿಮೀಟರಿನ ಮೆಟ್ಟಿಲಾದರೆ ಐವತ್ತು ಮೆಟ್ಟಿಲು ಹತ್ತಿ ಐವತ್ತು ಇಳಿಯಬೇಕು. ಗಾಲಿಕುರ್ಚಿಗೆಂದು ಹನ್ನೆರಡಕ್ಕೆ ಒಂದರ ಇಳಿಜಾರು, ಅಂದರೆ ಹನ್ನೆರಡು ಮೀಟರಿಗೆ ಒಂದು ಮೀಟರ್ ಏರುವಂತೆ, ಇಟ್ಟರೆ ತೊಂಬತ್ತು ಮೀಟರ್ ಉದ್ದ. ನಡುನಡುವೆ ಉಸಿರು ತೆಗೆದುಕೊಳ್ಳಲು ಸಮತಟ್ಟು ಜಾಗ ಬಿಡಲೇಬೇಕು, ಅದನ್ನು ಸೇರಿಸಿದರೆ ನೂರು ದಾಟುತ್ತದೆ. ಸೈಕಲ್ ತುಳಿದುಕೊಂಡೇ ಹೋಗಬೇಕೆಂದರೆ ಇಪ್ಪತ್ತಕ್ಕೆ ಒಂದು ಬೇಕು, ಅಂದರೆ ನೂರೈವತ್ತು ಮೀಟರ್. ಇದು ಒಂದು ಬದಿಯ ಲೆಕ್ಕ. ಎರಡೂ ಬದಿಗೆ ಸೇರಿ ಮುನ್ನೂರು ಮೀಟರ್ ರ‍್ಯಾಂಪಿಗೆ ಪಾಂಡೇಶ್ವರದಲ್ಲಿ ಜಾಗ ಎಲ್ಲಿದೆ?

ಜನ ‘ರ‍್ಯಾಂಪ್ ಹಾಕಿ’ ಎಂದು ಸುಲಭವಾಗಿ ಹೇಳುತ್ತಾರೆ. ತೋಡಿಗೆ ಅಡ್ಡ ಕಾಲುಸಂಕ ಹಾಕಿದಂತಲ್ಲ ಇದು.

ಎರಡು ಚಕ್ರ:

ರ‍್ಯಾಂಪನ್ನು ಉದ್ದಕ್ಕೇ ಹಾಕಬೇಕೆಂದಿಲ್ಲವಲ್ಲ ಸರ್. ಮಡಚಿ ಮಡಚಿ, ಹಳಿಗೆ ಸಮಾನಾಂತರವಾಗಿ ಹಾಕಬಹುದು. ನಿಲ್ದಾಣದ ಆಸುಪಾಸಿನ ರೈಲ್ವೆ ಜಾಗ ಉದ್ದುದ್ದ ಪಟ್ಟಿಯಾಗಿಯೇ ಇದೆ.

ಜಲ್ಲಿ ತುಳಿದವ:

ಹಾಕಬಹುದು. ಆದರೆ ಆ ಪಟ್ಟಿಯನ್ನು ರೈಲ್ವೆ ಬಿಟ್ಟುಕೊಡುವುದಿಲ್ಲ. ಮುಂದೆ ಇನ್ನೊಂದು ಹಳಿ ಹಾಕಬೇಕಾದೀತು ಎಂದು ಇಟ್ಟುಕೊಂಡಿರುವ ಜಾಗ ಅದು. ಸೇತುವೆಯ ಕಂಬವನ್ನೂ ಮುಂದೆ ಬರಬಹುದಾದ ಹಳಿಗೆ ಜಾಗ ಬಿಟ್ಟೇ ನಿಲ್ಲಿಸಲು ಹೇಳುತ್ತಾರೆ. ಅದರಲ್ಲಿ ತಪ್ಪೂ ಇಲ್ಲ. ಈಗಾಗಲೇ ಈ ನಿಲ್ದಾಣದಲ್ಲಿ ರೈಲು ನಿಲ್ಲಿಸಲು ಜಾಗವಿಲ್ಲ ಎಂದು ನಾವೇ ದೂರುತ್ತೇವೆ.

ಇನ್ನೊಂದು ಮಾತು, ಇದು ಮನೆಯ ಮಕ್ಕಳಿಗೆ ಹೇಳಿ. ಡೀಸೆಲ್ ಎಂಜಿನ್ ಇದ್ದಾಗ ಗಾಡಿ ಬರುವುದು ದೂರದಿಂದಲೇ ಕೇಳಿಸುತ್ತಿತ್ತು. ಈಗ ವಿದ್ಯುತ್ ಎಂಜಿನ್, ವಂದೇ ಭಾರತ್ ಎಲ್ಲ ಮೆಲ್ಲನೆ ಬಂದು ಮೈಮೇಲೆ ನಿಲ್ಲುತ್ತವೆ. ನಿಲ್ದಾಣದ ಹತ್ತಿರ ನಿಧಾನವಾಗಿಯೇ ಬರುತ್ತದಲ್ಲ ಎಂದು ಜನ ಧೈರ್ಯ ಮಾಡುತ್ತಾರೆ. ಗಂಟೆಗೆ 30 ಕಿಲೋಮೀಟರ್ ಎಂದರೂ ಸೆಕೆಂಡಿಗೆ ಎಂಟು ಮೀಟರಿಗಿಂತ ಹೆಚ್ಚು. ಮೂರು ನಾಲ್ಕು ಹಳಿ ದಾಟಲು ಜಲ್ಲಿಯ ಮೇಲೆ ಇಪ್ಪತ್ತು ಸೆಕೆಂಡ್ ಬೇಕು. ಅಷ್ಟರಲ್ಲಿ ಗಾಡಿ ನೂರೈವತ್ತು ಮೀಟರಿಗೂ ಮಿಕ್ಕಿ ಬಂದಿರುತ್ತದೆ. ಎಲ್ಲಕ್ಕಿಂತ ಅಪಾಯ ನಿಂತ ಬೋಗಿಗಳ ಅಡಿಯಲ್ಲಿ ನುಸುಳುವುದು. ಅವು ಯಾವಾಗ ಶಂಟಿಂಗಿಗೆ, ಅಂದರೆ ಹಳಿ ಬದಲಿಸಲು, ಹೊರಡುತ್ತವೆ ಎಂದು ನುಸುಳುವವರಿಗೆ ಯಾರೂ ಹೇಳುವುದಿಲ್ಲ.

ಮಂಗಳಾದೇವಿ ರಥಬೀದಿ:

ಇಷ್ಟೆಲ್ಲ ತಾಪತ್ರಯ ಯಾಕೆ? ಕೆಳಸೇತುವೆ ಮಾಡಿದರಾಯಿತಲ್ಲ. ಜೆಪ್ಪು ಮಹಾಕಾಳಿಪಡ್ಪುವಿನಲ್ಲಿ ಸ್ಮಾರ್ಟ್ ಸಿಟಿಯವರು ಹಿಡಿದದ್ದು ಅದನ್ನೇ.

ಅತ್ತಾವರದ ಅಕ್ಕ:

ಮಹಾಕಾಳಿಪಡ್ಪುವಿನ ಕೆಲಸ ಎಷ್ಟು ವರ್ಷ ಎಳೆಯಿತು ಎಂಬುದನ್ನೂ ಹೇಳಿ. ಅಲ್ಲಿ ಗೇಟು ಹಾಕಿದಾಗ ಆಸ್ಪತ್ರೆಗೆ ಹೋಗುವವರು ಸಾಲಿನಲ್ಲಿ ಕಾದದ್ದು ನಮ್ಮ ನೆಂಟರ ಮನೆಯವರಿಗೆಲ್ಲ ಗೊತ್ತು.

ನನಗೆ ಕೆಳಸೇತುವೆ ಬೇಡ. ಎರಡು ಕಾರಣ. ಒಂದು ನೀರು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಪಡೀಲಿನ ರೈಲ್ವೆ ಕೆಳಸೇತುವೆಯಲ್ಲಿ ಜೋರು ಮಳೆಗೆ ವಾಹನಗಳು ನೀರಿನಲ್ಲಿ ನಿಲ್ಲುವುದನ್ನು ನೋಡಿದ ಮೇಲೂ ನೆಲದ ಕೆಳಗೆ ತೋಡುತ್ತೇವೆ ಎನ್ನುವವರ ಧೈರ್ಯ ದೊಡ್ಡದು. ಪಾಂಡೇಶ್ವರವಂತೂ ತಗ್ಗು, ಅಲ್ಲಿ ನೀರನ್ನು ಪಂಪಿನಿಂದಲೇ ಎತ್ತಬೇಕು. ಪಂಪಿಗೆ ಕರೆಂಟು ಬೇಕು, ಕರೆಂಟು ಹೋಗುವುದು ಅದೇ ಮಳೆಗೆ.

ಎರಡನೆಯದು, ಇದನ್ನು ಬರೆಯುವುದು ಗಂಡಸರಿಗೆ ಹೊಳೆಯುವುದಿಲ್ಲ ಎಂದು. ಸಂಜೆ ಏಳರ ಮೇಲೆ, ಎರಡು ತುದಿಯಲ್ಲೂ ಯಾರಿದ್ದಾರೆಂದು ಕಾಣದ ಗುಹೆಯೊಳಗೆ ನನ್ನ ಮಗಳು ಟ್ಯೂಷನ್ ಮುಗಿಸಿ ಬರುವುದು ನನಗೆ ಒಪ್ಪಿಗೆಯಿಲ್ಲ. ಹಳಿ ದಾಟುವುದೇ ವಾಸಿ ಎಂದು ಅವಳೇ ಹೇಳುತ್ತಾಳೆ. ಅಲ್ಲಿ ಕನಿಷ್ಠ ನಾಲ್ಕು ಜನ ಕಾಣುತ್ತಾರೆ.

ಜಲ್ಲಿ ತುಳಿದವ:

ಅಕ್ಕ ಹೇಳಿದ್ದರಲ್ಲಿ ಎರಡನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಮೊದಲನೆಯದಕ್ಕೆ ಒಂದು ತಿದ್ದುಪಡಿ. ಕೆಳಸೇತುವೆ ಎಂದರೆ ಎಲ್ಲವೂ ಒಂದೇ ಅಲ್ಲ. ಹಳಿ ಮಣ್ಣಿನ ದಿಬ್ಬದ ಮೇಲೆ ಹೋಗುವ ಕಡೆ ಕೆಳಸೇತುವೆ ಚೆನ್ನ. ಕಾಂಕ್ರೀಟಿನ ಪೆಟ್ಟಿಗೆಯನ್ನು ಪಕ್ಕದಲ್ಲೇ ಎರಕ ಹೊಯ್ದು, ಜಾಕ್ ಕೊಟ್ಟು ದಿಬ್ಬದೊಳಗೆ ತಳ್ಳುತ್ತಾರೆ. ಮೇಲೆ ಗಾಡಿಗಳು ವೇಗ ತಗ್ಗಿಸಿ ಓಡುತ್ತಲೇ ಇರುತ್ತವೆ. ಪೆಟ್ಟಿಗೆಯ ನೆಲ ಸುತ್ತಲಿನ ನೆಲದ ಮಟ್ಟಕ್ಕೇ ಇದ್ದರೆ ನೀರು ತಾನಾಗಿ ಹರಿದುಹೋಗುತ್ತದೆ. ತೊಂದರೆ ಬರುವುದು ಹಳಿಯೂ ರಸ್ತೆಯೂ ಒಂದೇ ಮಟ್ಟದಲ್ಲಿದ್ದಾಗ. ಆಗ ಹಳಿ, ಸ್ಲೀಪರ್, ಜಲ್ಲಿ, ಚಪ್ಪಡಿ ಎಲ್ಲ ಸೇರಿ ಒಂದು ಮೀಟರಿಗೂ ಹೆಚ್ಚು; ಅದರ ಕೆಳಗೆ ತಲೆ ತಾಗದಂತೆ ಎರಡೂವರೆ ಮೀಟರ್. ನೆಲ ಮೂರೂವರೆ ಮೀಟರಿಗೂ ಆಳಕ್ಕೆ ಹೋಗುತ್ತದೆ. ಮೇಲ್ಸೇತುವೆಯ ಏಳೂವರೆಗೆ ಹೋಲಿಸಿದರೆ ಅರ್ಧ, ರ‍್ಯಾಂಪೂ ಅರ್ಧ. ಸೈಕಲ್ಲಿನವರಿಗೆ ನಿಜಕ್ಕೂ ಸುಖ ಅದೇ: ಮೊದಲು ಇಳಿಜಾರಿನಲ್ಲಿ ವೇಗ ಸಿಗುತ್ತದೆ, ಅದೇ ವೇಗದಲ್ಲಿ ಆಚೆ ಹತ್ತಬಹುದು. ಆದರೆ ನೀರು ನಿಲ್ಲುವ ಜಾಗದಲ್ಲಿ ನಾನಂತೂ ಶಿಫಾರಸು ಮಾಡುವುದಿಲ್ಲ.

ಇಂದ್ರಾಳಿ ಕಡೆಯವ:

ಉಡುಪಿಯಿಂದ ಒಂದು ಮಾತು. ನಮ್ಮ ಇಂದ್ರಾಳಿ ಸೇತುವೆಯ ಕಥೆ ನಿಮಗೆ ಗೊತ್ತೇ ಇದೆ. ಉಡುಪಿ–ಮಣಿಪಾಲ ರಸ್ತೆ ಅಗಲವಾಯಿತು, ಹಳಿಯ ಮೇಲಿನ ಸೇತುವೆ ಮಾತ್ರ ವರ್ಷಗಟ್ಟಲೆ ಇಕ್ಕಟ್ಟಾಗಿಯೇ ಉಳಿಯಿತು. ಉಕ್ಕಿನ ಗರ್ಡರಿಗೆ ಕಾದೆವು, ಒಪ್ಪಿಗೆಗೆ ಕಾದೆವು, ಪ್ರತಿಭಟನೆ ಮಾಡಿದೆವು. ಆ ವರ್ಷಗಳಲ್ಲೆಲ್ಲ ಚರ್ಚೆ ಆದದ್ದು ಬಸ್ಸು, ಕಾರು, ಆಂಬ್ಯುಲೆನ್ಸುಗಳದ್ದು. ಆ ಇಕ್ಕಟ್ಟಿನಲ್ಲಿ ಬಸ್ಸಿಗೂ ಗೋಡೆಗೂ ನಡುವೆ ಮೈ ಹಿಡಿ ಮಾಡಿಕೊಂಡು ನಡೆದವರ ಬಗ್ಗೆ ಮನವಿ ಕೊಟ್ಟವರನ್ನು ನಾನು ನೋಡಿಲ್ಲ.

ಆದರೆ ಅಲ್ಲಿ ಒಂದು ಅನುಕೂಲವಿತ್ತು. ಹಳಿ ತಗ್ಗಿನಲ್ಲಿ ಹೋಗುತ್ತದೆ, ರಸ್ತೆ ಮೇಲೆ. ಐವತ್ತು ಮೆಟ್ಟಿಲಿನ ಪ್ರಶ್ನೆಯೇ ಇಲ್ಲ. ನಿಮ್ಮಲ್ಲಿ ಅಂಥ ಕಟ್ಟಿಂಗ್ ಇಲ್ಲವೇ? ಗುಡ್ಡ ಕಡಿದು ಹಳಿ ಹಾಕಿದ ಜಾಗವಿದ್ದರೆ ಸೇತುವೆ ಅಲ್ಲಿಯೇ ಇರಬೇಕು.

ಬಾಬುಗುಡ್ಡೆಯವ:

ನನಗೆ ಬೇಕಿದ್ದ ಮಾತು ಇದು. ಪೂರಾ ಕಟ್ಟಿಂಗ್ ಇಲ್ಲ, ಆದರೆ ಅರ್ಧ ಇದೆ. ಬಾಬುಗುಡ್ಡೆ ಹೆಸರಿಗೆ ತಕ್ಕಂತೆ ಗುಡ್ಡೆಯೇ. ಮೂಡು ಬದಿ ಎತ್ತರ, ಪಡು ಬದಿ ತಗ್ಗು. ಹಳಿ ಗುಡ್ಡೆಯ ಬುಡದಲ್ಲಿ ಹೋಗುತ್ತದೆ. ನಮ್ಮ ಬದಿಯ ಯಾವುದೋ ಓಣಿಯ ತುದಿ ಹಳಿಗಿಂತ ನಾಲ್ಕು ಮೀಟರ್ ಮೇಲಿದೆ ಎಂದಿಟ್ಟುಕೊಳ್ಳಿ. ಅಲ್ಲಿಂದ ಹತ್ತಬೇಕಾದದ್ದು ಮೂರೂವರೆ ಮೀಟರ್ ಮಾತ್ರ. ಇಪ್ಪತ್ತಕ್ಕೆ ಒಂದರಂತೆ ಎಪ್ಪತ್ತು ಮೀಟರ್, ಸೈಕಲ್ಲಿಗೂ ಸರಿ. ಆರು ಮೀಟರ್ ಮೇಲಿರುವ ಜಾಗ ಸಿಕ್ಕರೆ ಇನ್ನೂ ಲಾಭ. ಪೂರ್ತಿ ರ‍್ಯಾಂಪ್ ಬೇಕಾಗುವುದು ಪಾಂಡೇಶ್ವರ ಬದಿಗೆ ಮಾತ್ರ. ಜಲ್ಲಿ ತುಳಿದವರು ಹೇಳಿದ ಮುನ್ನೂರು ಮೀಟರ್ ಇನ್ನೂರರ ಆಸುಪಾಸಿಗೆ ಇಳಿಯುತ್ತದೆ.

ಹಾಗಾಗಿ ಜಾಗ ಹುಡುಕುವಾಗ ನಕ್ಷೆಯಲ್ಲಿ ನಡುಮಧ್ಯ ಗೆರೆ ಎಳೆಯುವುದು ಬೇಡ. ಜನ ಈಗ ದಾಟುವ ಕಿಂಡಿಗೆ ಆದಷ್ಟು ಹತ್ತಿರ, ಗುಡ್ಡೆ ಹಳಿಗೆ ಆದಷ್ಟು ಒತ್ತಿ ನಿಂತಿರುವ ಜಾಗ. ಇವೆರಡೂ ಕೂಡುವ ಕಡೆ ಸೇತುವೆ. ಅಳತೆ ಮಾಡುವವರು ಯಾರಾದರೂ ಇದ್ದೀರಾ?

ಸಿವಿಲ್ ಮೂರನೇ ವರ್ಷ:

ನಾವು ಮೂವರು ಬರುತ್ತೇವೆ. ನೆಲದ ಮಟ್ಟ ಅಳೆಯುವ ಉಪಕರಣ, ಆಟೋ ಲೆವೆಲ್, ಕಾಲೇಜಿನಿಂದ ಕೇಳಿ ತರಬಹುದು. ಹಳಿಯ ಮೇಲೆ ಹೋಗುವಂತಿಲ್ಲ, ಆದ್ದರಿಂದ ಹೊರಗಿನ ರಸ್ತೆಗಳ ಮಟ್ಟ ಮಾತ್ರ ತೆಗೆಯುತ್ತೇವೆ. ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದು ನಿಲ್ದಾಣದೊಳಗಿನ ಮಟ್ಟ ನೋಡಿಕೊಂಡರೆ ಹಳಿಯದ್ದು ಅಂದಾಜಿಗೆ ಸಿಗುತ್ತದೆ.

ನಿಜ ಹೇಳುವವ:

ಆಗುವ ಕೆಲಸ ಅಲ್ಲ ಮಾರಾಯರೇ. ಈ ಊರಿನ ರೈಲು ಮೂವರ ಕೈಯಲ್ಲಿದೆ. ಸೆಂಟ್ರಲ್ ಮತ್ತು ಜಂಕ್ಷನ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ. ಪಡೀಲಿನಿಂದ ಸುಬ್ರಹ್ಮಣ್ಯ, ಹಾಸನದ ಕಡೆಗೆ ಹೋದರೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ. ತೋಕೂರಿನಿಂದ ಆಚೆಗೆ ಕೊಂಕಣ ರೈಲ್ವೆ, ಅದರ ಪ್ರಧಾನ ಕಚೇರಿ ನವಿ ಮುಂಬಯಿಯಲ್ಲಿ. ಹೊಸ ರೈಲು ಕೇಳಿದರೇ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಕಾಲುಸೇತುವೆಗೆ ಯಾರು ಕಿವಿ ಕೊಡುತ್ತಾರೆ?

ಜಲ್ಲಿ ತುಳಿದವ:

ಇಲ್ಲಿ ಆ ಗೊಂದಲವಿಲ್ಲ, ನೀವು ಹೇಳುತ್ತಿರುವ ಜಾಗ ಪೂರ್ತಿ ಪಾಲಕ್ಕಾಡಿನದು. ಅರ್ಜಿ ಅಲ್ಲಿನ ವಿಭಾಗೀಯ ವ್ಯವಸ್ಥಾಪಕರಿಗೆ. ಆದರೆ ನಾಗರಿಕರ ಅರ್ಜಿಯಿಂದ ಮಾತ್ರ ಕೆಲಸ ಆಗುವುದಿಲ್ಲ. ಊರಿನವರ ಓಡಾಟಕ್ಕೆ ಬೇಕಾದ ಸೇತುವೆಯಾದರೆ ಸ್ಥಳೀಯ ಸಂಸ್ಥೆ ಕೇಳಬೇಕು, ಹಣವನ್ನೂ ಠೇವಣಿ ಇಡಬೇಕು, ರೈಲ್ವೆ ತನ್ನ ಜಾಗದಲ್ಲಿ ತಾನೇ ಕಟ್ಟಿಕೊಡುತ್ತದೆ. ಠೇವಣಿ ಕಾಮಗಾರಿ ಎನ್ನುತ್ತಾರೆ. ಪಾಲಿಕೆ ಪತ್ರ ಬರೆಯದ ಹೊರತು ಕಡತ ಹುಟ್ಟುವುದೇ ಇಲ್ಲ. ಪತ್ರ ಬಂದ ಮೇಲೆ ಜಂಟಿ ಪರಿಶೀಲನೆ, ಆಮೇಲೆ ನಕ್ಷೆಗೆ ಒಪ್ಪಿಗೆ, ಅಂದಾಜು ಪಟ್ಟಿ, ಹಣ, ಸುರಕ್ಷತಾ ಆಯುಕ್ತರ ಮಂಜೂರಾತಿ, ಕೊನೆಗೆ ಗರ್ಡರ್ ಎತ್ತುವ ರಾತ್ರಿ ರೈಲು ಮತ್ತು ತಂತಿಯ ಕರೆಂಟು ಎರಡನ್ನೂ ನಿಲ್ಲಿಸುವ ಬ್ಲಾಕ್. ಹಣ ಇದ್ದರೂ ಎರಡು ಮೂರು ವರ್ಷ ಸಹಜ.

ಗೇಟು ತೆಗೆದು ವಾಹನದ ಸೇತುವೆ ಕಟ್ಟುವುದಕ್ಕೆ ಬೇರೆ ದಾರಿ ಇದೆ. ದಿನದ ರೈಲುಗಳ ಸಂಖ್ಯೆಯನ್ನು ವಾಹನಗಳ ಸಂಖ್ಯೆಯಿಂದ ಗುಣಿಸುತ್ತಾರೆ, ಅದಕ್ಕೆ ಟಿವಿಯು ಎಂದು ಹೆಸರು. ಒಂದು ಲಕ್ಷ ದಾಟಿದರೆ ರೈಲ್ವೆ ಅರ್ಧ, ರಾಜ್ಯ ಅರ್ಧ ಖರ್ಚು ಹಾಕುವ ಪದ್ಧತಿ ಇತ್ತು.

ಎರಡು ಚಕ್ರ:

ಆ ಗುಣಾಕಾರದಲ್ಲಿ ನಡೆಯುವ ಮನುಷ್ಯನಿಗೆ ಎಷ್ಟು ಅಂಕ ಸರ್?

ಜಲ್ಲಿ ತುಳಿದವ:

ಸೊನ್ನೆ. ಅದು ವಾಹನದ ಲೆಕ್ಕ.

ಎರಡು ಚಕ್ರ:

ಹಾಗಿದ್ದರೆ ನಮ್ಮ ಲೆಕ್ಕ ನಾವೇ ಮಾಡಬೇಕು. ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಎಂಟು; ಒಂದು ವಾರದ ದಿನ, ಒಂದು ಭಾನುವಾರ. ಕಿಂಡಿಯ ಹೊರಗೆ ರಸ್ತೆಯಲ್ಲೇ ಕೂತು ಎಣಿಸುವುದು. ಬರೀ ತಲೆ ಎಣಿಸಿದರೆ ಸಾಲದು. ಶಾಲೆಯ ಚೀಲದವರು, ಕೋಲು ಹಿಡಿದವರು, ತಲೆಹೊರೆಯವರು, ಸೈಕಲ್ ಹೊತ್ತು ದಾಟುವವರು ಬೇರೆ ಬೇರೆ. ಕಿಂಡಿಯ ತನಕ ಬಂದು ಗಾಡಿ ನಿಂತಿರುವುದನ್ನು ನೋಡಿ ಹಿಂದಿರುಗಿದವರನ್ನೂ ಬರೆದುಕೊಳ್ಳಿ. ಯಾರ ಹೆಸರೂ ಬೇಡ, ಫೋಟೋವಂತೂ ಬೇಡವೇ ಬೇಡ. ಅವರ ಮೇಲೆ ಕೇಸು ಹಾಕಿಸಲು ಹೊರಟವರಲ್ಲ ನಾವು.

ನಗರದಲ್ಲಿ ಸೈಕಲ್ ಯಾರು ತುಳಿಯುತ್ತಾರೆ ಎಂದು ಕೇಳುವವರು ಈ ಎಣಿಕೆಗೆ ಬರಲಿ. ಭಾನುವಾರ ಹೆಲ್ಮೆಟ್ ಹಾಕಿಕೊಂಡು ಹೊರಡುವ ನನ್ನಂಥವರ ಬಗ್ಗೆ ಹೇಳುತ್ತಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಹೊರ ರಾಜ್ಯದ ಕಟ್ಟಡ ಕಾರ್ಮಿಕರು, ಬ್ರೆಡ್ಡು ಮಾರುವವರು, ಕಾವಲುಗಾರರು. ಅವರು ಈ ವೇದಿಕೆಯಲ್ಲಿ ಬರೆಯುವುದಿಲ್ಲ.

ದಕ್ಕೆ ಹುಡುಗ:

ನನ್ನ ಅಮ್ಮ ದಕ್ಕೆಯಿಂದ ಮೀನು ತಂದು ಅತ್ತಾವರದ ಮನೆಗಳಿಗೆ ಮಾರುತ್ತಿದ್ದರು. ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಮೆಟ್ಟಿಲು ಇಳಿಯುವಾಗ ಕಾಲಿನ ಕೆಳಗೆ ನೋಡಲಾಗುವುದಿಲ್ಲ. ಹತ್ತುವುದು ಹೇಗೋ ಆಗುತ್ತದೆ. ಈಗ ರಿಕ್ಷಾ ಮಾಡಿಕೊಂಡು ಸುತ್ತಿ ಬರುತ್ತಾರೆ, ಬಾಡಿಗೆಯನ್ನು ಮೀನಿನ ಬೆಲೆಗೆ ಸೇರಿಸುತ್ತಾರೆ. ರ‍್ಯಾಂಪ್ ಆದರೆ ಮಾತ್ರ ಅವರಂಥವರಿಗೆ ಉಪಯೋಗ. ಮಳೆಗಾಲದಲ್ಲಿ ಪಾಚಿ ಹಿಡಿಯುವ ನಯವಾದ ಟೈಲ್ಸ್ ಹಾಕಬೇಡಿ ಎಂದು ಬರೆಯಿರಿ.

ಡೊಂಬಿವಲಿಯಲ್ಲಿದ್ದವ:

ಮೂವತ್ತು ವರ್ಷ ಮುಂಬಯಿ ಲೋಕಲ್ಲಿನಲ್ಲಿ ಓಡಾಡಿ ಊರಿಗೆ ಮರಳಿದವನು ನಾನು. ಪಾದಚಾರಿ ಸೇತುವೆಗಳ ವಿಷಯದಲ್ಲಿ ಆ ಊರು ಎಲ್ಲ ಪಾಠವನ್ನೂ ಜೀವ ಕೊಟ್ಟೇ ಕಲಿತದ್ದು. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರಸ್ತೆ ನಿಲ್ದಾಣದ ಇಕ್ಕಟ್ಟಾದ ಸೇತುವೆಯ ಮೆಟ್ಟಿಲಿನಲ್ಲಿ ಮಳೆಗೆ ನಿಂತ ಜನ ನೂಕುನುಗ್ಗಲಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಮಳೆ ಬಂದರೆ ಜನ ಸೇತುವೆಯ ಮಾಡಿನ ಕೆಳಗೆ ನಿಲ್ಲುತ್ತಾರೆ, ಇದು ಮಂಗಳೂರಿನಲ್ಲೂ ಆಗುವುದೇ. ಅಗಲ ಕೇಳುವಾಗ ನಡೆಯುವವರ ಲೆಕ್ಕದ ಜೊತೆ ನಿಲ್ಲುವವರ ಲೆಕ್ಕವನ್ನೂ ಸೇರಿಸಿ.

2019ರ ಮಾರ್ಚ್ 14ರಂದು ಸಿಎಸ್‌ಎಂಟಿ ನಿಲ್ದಾಣದ ಹೊರಗಿನ ಸೇತುವೆ ಕುಸಿದುಬಿತ್ತು. ಜನ ಸತ್ತ ಸಂಜೆಯೇ ಸೇತುವೆ ಯಾರದ್ದು, ರೈಲ್ವೆಯದೋ ಪಾಲಿಕೆಯದೋ ಎಂಬ ಚರ್ಚೆ ಶುರುವಾಯಿತು. ಕಟ್ಟುವುದು ಯಾರು ಎಂದು ನೀವೆಲ್ಲ ಕೇಳುತ್ತಿದ್ದೀರಿ. ಹತ್ತು ವರ್ಷದ ಮೇಲೆ ಉಪ್ಪುಗಾಳಿಗೆ ತುಕ್ಕು ಹಿಡಿದಾಗ ಬಣ್ಣ ಬಳಿಯುವುದು ಯಾರು? ಬಲ್ಬು ಹೋದರೆ ಹಾಕುವುದು ಯಾರು? ಇದನ್ನು ಒಪ್ಪಂದದಲ್ಲಿ ಮೊದಲೇ ಬರೆಸಿ. ಸಮುದ್ರ ಇಲ್ಲಿಂದ ದೂರವಿಲ್ಲ.

ಸ್ಕೈವಾಕುಗಳನ್ನೂ, ಅಂದರೆ ರಸ್ತೆಯ ಮೇಲಿನ ಉದ್ದನೆಯ ಕಾಲುಸೇತುವೆಗಳನ್ನೂ, ನೋಡಿದ್ದೇನೆ. 2008ರಲ್ಲಿ ಬಾಂದ್ರಾದಲ್ಲಿ ಶುರುವಾಗಿ ಊರಿಡೀ ಕಟ್ಟಿದರು. ಜನಕ್ಕೆ ದಾರಿ ಹತ್ತಿರವಾದ ಕಡೆ ತುಂಬಿದವು, ಉಳಿದ ಕಡೆ ನಾಯಿ ಮಲಗಿದವು.

ಪಾಂಡೇಶ್ವರ ಅಂಗಡಿ:

ಎಲ್ಲ ಸರಿ. ಒಂದು ಪ್ರಶ್ನೆಗೆ ಯಾರೂ ಉತ್ತರ ಹೇಳಿಲ್ಲ. ಇಪ್ಪತ್ತಕ್ಕೆ ಒಂದರ ಚಂದದ ರ‍್ಯಾಂಪ್ ಹಾಕಿದ ಮರುದಿನ ಸ್ಕೂಟರ್ ಹತ್ತುವುದಿಲ್ಲವೇ? ನಮ್ಮ ಊರಿನವರನ್ನು ನಾನು ಬಲ್ಲೆ. ಸುತ್ತು ದಾರಿ ಉಳಿಯುತ್ತದೆ ಎಂದರೆ ಬೈಕಿನ ಹಿಂದೆ ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡೂ ಬರುತ್ತಾರೆ.

ಮಂಗಳಾದೇವಿ ರಥಬೀದಿ:

ಕಂಬ ನೆಟ್ಟರಾಯಿತು.

ಸಿವಿಲ್ ಮೂರನೇ ವರ್ಷ:

ಕಂಬದಿಂದ ಆಗುವುದಿಲ್ಲ. ಗಾಲಿಕುರ್ಚಿ ಹೋಗಬೇಕೆಂದರೆ ಕಂಬಗಳ ನಡುವೆ ಕನಿಷ್ಠ 90 ಸೆಂಟಿಮೀಟರ್ ಬಿಡಬೇಕು. ಸ್ಕೂಟರಿನ ಹ್ಯಾಂಡಲ್ ಅದಕ್ಕಿಂತ ಕಡಿಮೆ ಅಗಲ. ಗಾಲಿಕುರ್ಚಿ ನುಗ್ಗುವ ಕಡೆ ಸ್ಕೂಟರ್ ನುಗ್ಗಿಯೇ ನುಗ್ಗುತ್ತದೆ. ಸ್ಕೂಟರ್ ತಡೆಯುವ ತಿರುಗುಗೇಟು ಹಾಕಿದರೆ ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ, ಹಿಂದೆ ಡಬ್ಬ ಕಟ್ಟಿದ ಸೈಕಲ್ ಎಲ್ಲವೂ ಹೊರಗೆ.

ಡೊಂಬಿವಲಿಯಲ್ಲಿದ್ದವ:

ಅದಕ್ಕೇ ಮೆಟ್ಟಿಲು ಹಾಕಿ, ಪಕ್ಕದಲ್ಲಿ ಸೈಕಲ್ಲಿನ ಚಕ್ರ ಉರುಳಲು ಒಂದು ಕಬ್ಬಿಣದ ಚಾನೆಲ್ ಕೂರಿಸಿ. ಹಾಲೆಂಡಿನಲ್ಲೇ ಎಷ್ಟೋ ನಿಲ್ದಾಣಗಳಲ್ಲಿ ಹಾಗಿದೆಯಂತೆ. ಗಾಲಿಕುರ್ಚಿಗೆ ಲಿಫ್ಟ್.

ಎರಡು ಚಕ್ರ:

ಹಾಲೆಂಡಿನಲ್ಲಿ ಮೆಟ್ಟಿಲಿನ ಚಾನೆಲ್ ಇರುವುದು ಹೌದು, ಅವರಿಗೂ ಅದು ಕೊನೆಯ ಉಪಾಯವೇ. ನಮ್ಮ ಸಾಮಾನ್ಯ ಕಪ್ಪು ಸೈಕಲ್ ಇಪ್ಪತ್ತು ಕಿಲೋ ತೂಗುತ್ತದೆ, ಬ್ಯಾಟರಿಯದ್ದು ಇನ್ನೂ ಹೆಚ್ಚು. ಐವತ್ತು ಮೆಟ್ಟಿಲು ದೂಡಿ ಹತ್ತಿಸಿ ಮತ್ತೆ ಬ್ರೇಕ್ ಹಿಡಿದು ಇಳಿಸುವುದು ಮಳೆಯಲ್ಲಿ ಸುಲಭವಲ್ಲ. ಚಾನೆಲ್ಲನ್ನು ಗೋಡೆಗೆ ತೀರಾ ಒತ್ತಿ ಹಾಕಿದರೆ ಪೆಡಲ್ ಕೈಹಿಡಿಯುವ ಕಂಬಿಗೆ ತಾಗುತ್ತದೆ. ಹೀಗೆ ಹಾಕಿದ್ದನ್ನು ಬೇರೆ ಊರಿನಲ್ಲಿ ನೋಡಿದ್ದೇನೆ, ಹಾಕಿದವರು ಸೈಕಲ್ ಮುಟ್ಟಿದವರಲ್ಲ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಲಿಫ್ಟಿನ ಬಗ್ಗೆ ಅಕ್ಕ ಪಂಪಿನ ಬಗ್ಗೆ ಹೇಳಿದ್ದೇ ಸಾಕು.

ಅತ್ತಾವರದ ಅಕ್ಕ:

ಲಿಫ್ಟಿನೊಳಗೆ ಸಂಜೆ ಯಾರ ಜೊತೆ ಹೋಗಬೇಕು ಎಂಬುದನ್ನೂ ಸೇರಿಸಿಕೊಳ್ಳಿ.

ಬಾಬುಗುಡ್ಡೆಯವ:

ಸ್ಕೂಟರಿನ ಪ್ರಶ್ನೆ ನಿಜವಾದದ್ದು, ತಳ್ಳಿಹಾಕುವುದಿಲ್ಲ. ಆದರೆ ಸ್ಕೂಟರಿನವನ ತಪ್ಪಿಗೆ ಗಾಲಿಕುರ್ಚಿಯವರನ್ನು ಹೊರಗಿಡುವುದನ್ನು ನಾನು ಒಪ್ಪುವುದಿಲ್ಲ. ಮಡಚಿದ ರ‍್ಯಾಂಪಿನಲ್ಲಿ ಪ್ರತಿ ತಿರುವಿನಲ್ಲೂ ನಿಧಾನ ಮಾಡಲೇಬೇಕು. ಬಾಬುಗುಡ್ಡೆ ಬದಿಯ ಬಾಯಿ ಓಣಿಯೊಳಗೆ, ಮನೆಗಳ ಎದುರು ತೆರೆಯಲಿ. ನಾಲ್ಕು ಜನ ಕೇಳುವವರಿರುತ್ತಾರೆ. ಪಾಂಡೇಶ್ವರ ಬದಿಯಲ್ಲಿ ಕ್ಯಾಮೆರಾ ಮತ್ತು ದಂಡ. ಮೊದಲ ಆರು ತಿಂಗಳು ಬಿಗಿ ಹಿಡಿದರೆ ಅಭ್ಯಾಸವಾಗುತ್ತದೆ. ಇಷ್ಟಾದರೂ ಕೆಲವರು ನುಗ್ಗುತ್ತಾರೆ, ಗೊತ್ತಿದೆ. ಹಳಿಯ ಮೇಲೆ ಒಂದು ಜೀವ ಹೋಗುವುದಕ್ಕೂ ಸೇತುವೆಯ ಮೇಲೆ ಒಂದು ಜಗಳ ಆಗುವುದಕ್ಕೂ ನಡುವೆ ಆರಿಸಿಕೊಳ್ಳಿ ಎಂದರೆ ನಾನು ಜಗಳ ಆರಿಸಿಕೊಳ್ಳುತ್ತೇನೆ.

ನಿಜ ಹೇಳುವವ:

ಹಣದ ಮಾತು ಬರಲಿಲ್ಲ.

ಜಲ್ಲಿ ತುಳಿದವ:

ಅಳತೆ ಆಗದೆ ಅಂದಾಜು ಹೇಳುವುದು ಜ್ಯೋತಿಷ್ಯ. ಹಳಿಗಳ ಸಂಖ್ಯೆ ಕಡಿಮೆ ಇರುವ ಕಡೆ ದಾಟಿದರೆ ಗರ್ಡರಿನ ಉದ್ದ ಕಡಿಮೆ, ಖರ್ಚೂ ಕಡಿಮೆ. ನಿಲ್ದಾಣದಿಂದ ತೆಂಕಿಗೆ ಹೋದಷ್ಟೂ ಹಳಿ ಕಡಿಮೆಯಾಗುತ್ತದೆ. ಸಂಸದರ ನಿಧಿ ವರ್ಷಕ್ಕೆ ಐದು ಕೋಟಿ, ಅದರಲ್ಲಿ ಇಡೀ ಜಿಲ್ಲೆ ಪಾಲು ಕೇಳುತ್ತದೆ. ಪಾಲಿಕೆಯ ಬಜೆಟ್ಟಿನಲ್ಲಿ ಮೊದಲು ಸಮೀಕ್ಷೆಗೆ ಮಾತ್ರ ಹಣ ಇಡಿಸಿ. ಸಮೀಕ್ಷೆಗೆ ಹಣ ಬಿದ್ದ ಕಡತ ಸುಲಭವಾಗಿ ಸಾಯುವುದಿಲ್ಲ.

ಮತ್ತೊಂದು. ತಂತಿಯ ಮೇಲೆ ಬರುವ ಭಾಗದಲ್ಲಿ ಎರಡೂ ಬದಿಗೆ ಎತ್ತರದ ತಡೆ ಹಾಕುತ್ತಾರೆ, ಕೊಡೆಯ ತುದಿ ತಂತಿಗೆ ತಾಗಬಾರದಲ್ಲ. ಅದನ್ನು ಪೂರ್ತಿ ತಗಡಿನಿಂದ ಮುಚ್ಚಿದರೆ ಅಕ್ಕ ಹೇಳಿದ ಗುಹೆ ಮೇಲೆಯೂ ಬರುತ್ತದೆ. ಕೆಳಗೆ ತಗಡು, ಕಣ್ಣಿನ ಮಟ್ಟದಿಂದ ಮೇಲೆ ಸಣ್ಣ ಕಣ್ಣಿನ ಜಾಲರಿ ಆಗುತ್ತದೆಯೇ ಎಂದು ನಕ್ಷೆ ಮಾಡುವಾಗಲೇ ಕೇಳಿ. ಆಮೇಲೆ ಕೇಳಿದರೆ ‘ಮಂಜೂರಾದ ನಕ್ಷೆ’ ಎನ್ನುತ್ತಾರೆ.

ಬಾಬುಗುಡ್ಡೆಯವ:

ಪತ್ರದ ಕರಡು ಇಷ್ಟು, ತಿದ್ದಿ ಕೊಡಿ:

‘ಅತ್ತಾವರ–ಬಾಬುಗುಡ್ಡೆ ಮತ್ತು ಪಾಂಡೇಶ್ವರ ನಡುವೆ ರೈಲು ಹಳಿಯ ಮೇಲೆ ಪಾದಚಾರಿಗಳಿಗೂ ಸೈಕಲ್ಲಿಗೂ ಒಂದು ಸೇತುವೆಯ ಸಾಧ್ಯತಾ ಸಮೀಕ್ಷೆಯನ್ನು ಪಾಲಿಕೆ ಕೈಗೊಂಡು, ಪಾಲಕ್ಕಾಡ್ ವಿಭಾಗದೊಂದಿಗೆ ಜಂಟಿ ಸ್ಥಳ ಪರಿಶೀಲನೆ ನಡೆಸಬೇಕೆಂದು ಕೋರುತ್ತೇವೆ. ಸ್ಥಳ ಆಯ್ಕೆಯಲ್ಲಿ ಈಗಿನ ಜನಸಂಚಾರದ ಎಣಿಕೆ ಮತ್ತು ಮೂಡು ಬದಿಯ ನೆಲದ ಎತ್ತರವನ್ನು ಗಣನೆಗೆ ತೆಗೆದುಕೊಳ್ಳಬೇಕು. ಮೆಟ್ಟಿಲಿನ ಜೊತೆಗೆ ಇಪ್ಪತ್ತಕ್ಕೆ ಒಂದರ, ಜಾಗವಿಲ್ಲದ ಕಡೆ ಹನ್ನೆರಡಕ್ಕೆ ಒಂದರ ರ‍್ಯಾಂಪ್ ಇರಬೇಕು. ನಿರ್ವಹಣೆ ಮತ್ತು ದೀಪದ ಹೊಣೆ ಯಾರದೆಂದು ಒಪ್ಪಂದದಲ್ಲಿ ನಮೂದಾಗಬೇಕು. ಎಣಿಕೆಯ ಪಟ್ಟಿ ಮತ್ತು ಮಟ್ಟದ ಅಳತೆಯನ್ನು ಲಗತ್ತಿಸಿದ್ದೇವೆ.’

ಲಗತ್ತು ಇನ್ನೂ ಆಗಬೇಕಷ್ಟೆ. ಎಣಿಕೆಗೆ ಬರುವವರು ಬೆಳಿಗ್ಗೆಯೋ ಸಂಜೆಯೋ ತಿಳಿಸಿ.

ದಕ್ಕೆ ಹುಡುಗ:

ಆರು ಗಂಟೆಗೆ ಶುರು ಮಾಡಿದರೆ ದಕ್ಕೆಯವರು ತಪ್ಪುತ್ತಾರೆ. ಐದಕ್ಕೇ ಕೂರಬೇಕು. ನಾನು ಬರುತ್ತೇನೆ.

ಪಾಂಡೇಶ್ವರ ಅಂಗಡಿ:

ಸಂಜೆಯದ್ದು ನನಗಿರಲಿ, ಅಂಗಡಿಯಲ್ಲಿ ಕೂತೇ ಎಣಿಸಬಹುದು. ರ‍್ಯಾಂಪ್ ಎಲ್ಲಿ ಇಳಿಯುತ್ತದೆ ಎಂಬುದಕ್ಕೆ ಉತ್ತರ ಇನ್ನೂ ಬಂದಿಲ್ಲ.

ಸಿವಿಲ್ ಮೂರನೇ ವರ್ಷ:

ಮಟ್ಟ ತೆಗೆದ ಮೇಲೆ ಹೇಳುತ್ತೇವೆ ಅಣ್ಣ. ನಿಮ್ಮ ಅಂಗಡಿಯ ಹೊಸ್ತಿಲಿನಿಂದಲೇ ಅಳತೆ ಶುರು ಮಾಡೋಣ.